ಟಾಮ್‌ಫೂಲರಿ ಅಂತೀರಲ್ಲ, ಆ ಟಾಮ್ ಯಾರು ಗೊತ್ತಾ?

1/7
ಈಗ ಎಲ್ಲರ ಸ್ಟೋರಿಯಲ್ಲೂ ಒಂದೇ ಪದ. ಹಾಸ್ಟೆಲ್‌ನಲ್ಲಿ ಬಕೆಟ್ ಬಾರಿಸಿದ ವಿಡಿಯೋ ಹಾಕಿ "ಟಾಮ್‌ಫೂಲರಿ". ಲ್ಯಾಬ್ ಕೋಟ್ ಉಲ್ಟಾ ಹಾಕ್ಕೊಂಡು ಕುಣಿದ ರೀಲ್‌ಗೆ "ಟಾಮ್‌ಫೂಲರಿ". ಪದ ಚೆನ್ನಾಗಿದೆ, ನನಗೂ ಇಷ್ಟ. ಮಂಗಾಟ, ಕೋತಿಚೇಷ್ಟೆ ಅಂತೀವಲ್ಲ, ಅದೇ ಅರ್ಥ. ಒಂದೇ ವ್ಯತ್ಯಾಸ. ನಾವು ನಮ್ಮ ಚೇಷ್ಟೆಗಳನ್ನ ಮಂಗನ ತಲೆಗೆ ಕಟ್ಟಿದ್ವಿ, ಇಂಗ್ಲಿಷಿನವರು ಮನುಷ್ಯನ ತಲೆಗೆ ಕಟ್ಟಿದ್ರು.

ಆ ಮನುಷ್ಯನ ಕಥೆ ಗೊತ್ತಾದ್ರೆ, ನಾವೆಲ್ಲ ದಿನಾ ಹೊಡೆಯೋ ಒಂದು ಜೋಕ್ ಬಾಯಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ. ಯಾವ ಜೋಕ್ ಅಂತ 6ನೇ ಭಾಗದಲ್ಲಿ ಹೇಳ್ತೀನಿ. ನೇರವಾಗಿ ಅಲ್ಲಿಗೆ ಹಾರಬೇಡಿ, ಓದ್ಕೊಂಡು ಬನ್ನಿ.

2/7
ಮೊದಲು ಪದ ಬಿಡಿಸೋಣ. ಕೊನೇಲಿರೋ "ಅರಿ" ಸುಲಭ. ಬ್ರೇವ್ ಇದ್ದವನ ನಡತೆ ಬ್ರೇವರಿ, ಫೂಲ್ ಆದವನ ನಡತೆ ಫೂಲರಿ. "ಫೂಲ್" ಬಂದಿದ್ದು ಲ್ಯಾಟಿನ್‌ನ "ಫಾಲಿಸ್"ನಿಂದ. ಹಾಗಂದ್ರೆ ಕಮ್ಮಾರ ಕುಲುಮೆಗೆ ಗಾಳಿ ಊದೋ ತಿದಿ, ಚರ್ಮದ ಚೀಲ. ಒಳಗೆ ಬರೀ ಗಾಳಿ ಅನ್ನೋ ವ್ಯಂಗ್ಯ.

ಇನ್ನು ಟಾಮ್. ಥಾಮಸ್ ಅನ್ನೋ ಹೆಸರಿನ ಮೋಟು ರೂಪ. ಇಂಗ್ಲೆಂಡಿನಲ್ಲಿ ಎಷ್ಟು ಜನಕ್ಕೆ ಈ ಹೆಸರಿತ್ತು ಅಂದ್ರೆ, "ಯಾರೋ ಒಬ್ಬ" ಅನ್ನೋಕೂ ಟಾಮ್ ಅಂತಿದ್ರು. "ಟಾಮ್, ಡಿಕ್ ಅಂಡ್ ಹ್ಯಾರಿ" ಕೇಳಿದ್ದೀರಲ್ಲ? ನಮ್ಮ "ಅವ್ನ್ಯಾರೋ ರಾಮ, ಭೀಮ" ಇದ್ದ ಹಾಗೆ. "ಟಾಮ್ ಫೂಲ್" ಅಂದ್ರೆ ಬೆಪ್ಪ ಅನ್ನೋ ಅರ್ಥ ಮೊದಲು ನಿಂತಿತು. "ಟಾಮ್‌ಫೂಲರಿ" ಅನ್ನೋ ಇಡೀ ಪದ ಅಚ್ಚಿನಲ್ಲಿ ಕಾಣಿಸ್ಕೊಂಡಿದ್ದು 19ನೇ ಶತಮಾನದ ಆರಂಭದಲ್ಲಿ.

3/7
ಇಲ್ಲಿ ಒಂದು ಜನಪ್ರಿಯ ಕಥೆ ಬರುತ್ತೆ. ಇಂಗ್ಲೆಂಡಿನ ಕಂಬ್ರಿಯಾದಲ್ಲಿ ಮಂಕಾಸ್ಟರ್ ಅನ್ನೋ ಕೋಟೆ ಇದೆ. ಅಲ್ಲಿ ಟಾಮ್ ಸ್ಕೆಲ್ಟನ್ ಅನ್ನೋ ವಿದೂಷಕ ಇದ್ದ. ದಾರಿ ಕೇಳಿದ ಪ್ರಯಾಣಿಕರು ಇಷ್ಟ ಆಗದಿದ್ರೆ ಅವರನ್ನ ಕುಸಿಯೋ ಮರಳಿನ ಕಡೆ ಕಳಿಸ್ತಿದ್ದನಂತೆ. ಅವನಿಂದಲೇ ಟಾಮ್‌ಫೂಲರಿ ಪದ ಹುಟ್ಟಿತಂತೆ. ದೆವ್ವದ ಕಥೆ ಥರ ಮಜವಾಗಿದೆ, ಹಂಚೋಕೂ ಸುಲಭ.

ಆದ್ರೆ ಲೆಕ್ಕ ಕೂಡಲ್ಲ. ಸ್ಕೆಲ್ಟನ್‌ಗಿಂತ ಎಷ್ಟೋ ಮೊದಲು, 14ನೇ ಶತಮಾನದಲ್ಲೇ, ಡರ್ಹಮ್‌ನ ಕ್ರೈಸ್ತ ಮಠದ ಲೆಕ್ಕಪತ್ರಗಳಲ್ಲಿ ಲ್ಯಾಟಿನ್‌ನಲ್ಲಿ ಒಂದು ಹೆಸರು ಬರುತ್ತೆ: ಥಾಮಸ್ ಫಾಟುವಸ್. ಅಂದ್ರೆ "ಬೆಪ್ಪ ಥಾಮಸ್". ಆ "ಫಾಟುವಸ್" ಅನ್ನೋ ಪದವನ್ನ ಗಟ್ಟಿಯಾಗಿ ಹಿಡ್ಕೊಳ್ಳಿ. ಕೋಟೆ, ದೆವ್ವ ಎಲ್ಲ ಬಿಟ್ಟು ನಾವು ನೋಡಬೇಕಾದ್ದು ಅದನ್ನ.

4/7
ಆ ಕಾಲದ ಇಂಗ್ಲೆಂಡಿನಲ್ಲಿ "ಫಾಟುವಸ್" ಬರೀ ಬೈಗುಳ ಅಲ್ಲ, ಕಾನೂನಿನ ಪದ. ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ಕಡಿಮೆ ಇದ್ದವರನ್ನ "ನ್ಯಾಚುರಲ್ ಫೂಲ್" ಅಂತ ದಾಖಲೆ ಮಾಡ್ತಿದ್ರು. ಅಂಥವರಿಗೆ ಜಮೀನಿದ್ರೆ ಅದು ರಾಜನ ವಶಕ್ಕೆ ಹೋಗ್ತಿತ್ತು. ಅವರ ಊಟ, ಬಟ್ಟೆ ಖರ್ಚು ಕಳೆದು ಉಳಿದ ಆದಾಯ ರಾಜನಿಗೆ. ಅವರು ಸತ್ತ ಮೇಲಷ್ಟೇ ಜಮೀನು ವಾರಸುದಾರರಿಗೆ.

ಜಮೀನಿಲ್ಲದ ಕೆಲವರನ್ನ ಅರಮನೆಗಳಲ್ಲಿ, ಶ್ರೀಮಂತರ ಮನೆಗಳಲ್ಲಿ ಇಟ್ಕೊಳ್ತಿದ್ರು, ನಗೋಕೆ. ಬೇಕಂತಲೇ ಬೆಪ್ಪನ ಹಾಗೆ ನಟಿಸಿ ದುಡಿಯೋ ಚತುರ ವಿದೂಷಕರೂ ಇದ್ರು, ಅವರಿಗೆ "ಆರ್ಟಿಫಿಷಿಯಲ್ ಫೂಲ್" ಅಂತ ಬೇರೆ ಹೆಸರೇ ಇತ್ತು. ಅಂದ್ರೆ ನಗ್ತಿದ್ದವರಿಗೆ ವ್ಯತ್ಯಾಸ ಚೆನ್ನಾಗೇ ಗೊತ್ತಿತ್ತು ನೋಡಿ. ಒಬ್ಬ ನಗಿಸ್ತಿದ್ದಾನೆ, ಇನ್ನೊಬ್ಬನನ್ನ ನೋಡಿ ನಾವು ನಗ್ತಿದ್ದೀವಿ ಅಂತ. ಗೊತ್ತಿದ್ದೂ ನಕ್ಕರು.

5/7
ಈಗ ಇನ್ನೊಂದು ಪದ: ಬೆಡ್ಲಮ್. ಗಲಾಟೆ, ಗದ್ದಲ ಅಂತ ಅರ್ಥ. ಟಾಮ್‌ಫೂಲರಿ ಜಾಸ್ತಿ ಆದ್ರೆ ಬೆಡ್ಲಮ್ ಅನ್ನಬಹುದು! ಆದ್ರೆ ಅದು ಒಂದು ಆಸ್ಪತ್ರೆಯ ಹೆಸರು. 1247ರಲ್ಲಿ ಲಂಡನ್‌ನಲ್ಲಿ ಬೆತ್ಲೆಹೆಮ್ ಹೆಸರಿನ ಮಠ ಶುರುವಾಯ್ತು. ಮುಂದೆ ಅದು ಮಾನಸಿಕ ಕಾಯಿಲೆ ಇದ್ದವರ ಆಸ್ಪತ್ರೆ ಆಯ್ತು. ಜನರ ಬಾಯಲ್ಲಿ ಬೆತ್ಲೆಹೆಮ್ ಸವೆದು ಬೆತ್ಲಮ್, ಬೆಡ್ಲಮ್ ಆಯ್ತು. ಅಲ್ಲಿಂದ ಬಂದವನು ಅಂತ ಹೇಳ್ಕೊಂಡು ತಿರುಗೋ ಭಿಕ್ಷುಕನಿಗೂ ಜನ ಇಟ್ಟ ಹೆಸರು ಟಾಮ್, "ಟಾಮ್ ಓ ಬೆಡ್ಲಮ್". ಶೇಕ್ಸ್‌ಪಿಯರ್‌ನ ಕಿಂಗ್ ಲಿಯರ್‌ನಲ್ಲಿ ಎಡ್ಗರ್ ಹಾಕೋ ವೇಷ ಅದೇ.

ಲಂಡನ್ ಜನ ಅಲ್ಲಿಗೆ ಹೋಗ್ತಿದ್ರು. ರೋಗಿಗಳನ್ನ ಮಾತಾಡಿಸೋಕಲ್ಲ, ನೋಡೋಕೆ. ಡಬ್ಬಿಗೆ ಕಾಸು ಹಾಕಿ, ಒಳಗೆ ಸುತ್ತಾಡಿ, ನಕ್ಕು ಬರೋಕೆ. ವಿಲಿಯಂ ಹೊಗಾರ್ತ್ 1735ರಲ್ಲಿ ಅಚ್ಚು ಹಾಕಿದ ಚಿತ್ರ ಸರಣಿಯ ಕೊನೆಯ ಚಿತ್ರ ನೋಡಿ. ನೆಲದ ಮೇಲೆ ರೋಗಿಗಳು, ಹಿಂದೆ ಒಳ್ಳೆ ಉಡುಪಿನ ಇಬ್ಬರು ಹೆಂಗಸರು ಮೋಜು ನೋಡ್ತಾ ನಿಂತಿದ್ದಾರೆ. ಹೀಗೆ ಬೇಕಾದವರು ಬೇಕಾದಾಗ ನುಗ್ಗೋದಕ್ಕೆ ತಡೆ ಬಿದ್ದಿದ್ದು 1770ರಲ್ಲಿ.

ಆ ಆಸ್ಪತ್ರೆ ಇವತ್ತಿಗೂ ದಕ್ಷಿಣ ಲಂಡನ್‌ನಲ್ಲಿ ಕೆಲಸ ಮಾಡ್ತಿದೆ. ಆದ್ರೆ ಇಂಗ್ಲಿಷ್ ಭಾಷೆಗೆ ಅದರ ಹೆಸರಿಂದ ಉಳಿದಿದ್ದು ಬರೀ "ಗಲಾಟೆ".

6/7
"ಛೇ, ಎಂಥಾ ಜನ" ಅಂದ್ರಾ? ಸ್ವಲ್ಪ ತಡೀರಿ.

ಕ್ಲಾಸ್‌ನಲ್ಲಿ ಯಾರಾದ್ರೂ ಒಂಚೂರು ವಿಚಿತ್ರವಾಗಿ ಆಡಿದ್ರೆ ನಮ್ಮ ಬಾಯಿಗೆ ಬರೋ ಮೊದಲ ಮಾತು ಏನು? "ಲೋ, ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ರೋ." ಹುಬ್ಬಳ್ಳಿ ಕಡೆ ಫ್ರೆಂಡ್ಸ್ ಆದ್ರೆ, "ಇವನ್ನ ಧಾರವಾಡಕ್ಕ ಕಳಸಬೇಕು ನೋಡಲೇ." ಪೇಡಾ ತಿನ್ನೋಕಲ್ಲ ಅಂತ ಎಲ್ಲರಿಗೂ ಗೊತ್ತು.

ಇದೇ ಬೆಡ್ಲಮ್. ಬೇರೆ ಏನೂ ಅಲ್ಲ. ಒಂದು ಆಸ್ಪತ್ರೆಯ ಹೆಸರು ನಮ್ಮ ಕಣ್ಣೆದುರೇ, ನಮ್ಮ ಬಾಯಲ್ಲೇ ಬೈಗುಳ ಆಗ್ತಿದೆ. ನಿಮ್ಹಾನ್ಸ್ 1974ರಲ್ಲಿ ಈ ಹೆಸರು ಪಡೆದ ಸಂಸ್ಥೆ. ಅಲ್ಲಿಗೆ ಬೈಕ್‌ನಿಂದ ಬಿದ್ದು ತಲೆಗೆ ಪೆಟ್ಟಾದವರು ಬರ್ತಾರೆ, ಫಿಟ್ಸ್ ಇರೋ ಮಕ್ಕಳು ಬರ್ತಾರೆ, ಪಾರ್ಶ್ವವಾಯು ಆದವರು ಬರ್ತಾರೆ, ರಾತ್ರಿಯೆಲ್ಲ ನಿದ್ದೆ ಬರದೆ ಒದ್ದಾಡೋ ನಮ್ಮ ವಯಸ್ಸಿನವರೂ ಬರ್ತಾರೆ.

ಸರ್ಕಾರದ ಭಾಷೆಯಾದ್ರೂ ಬದಲಾಯ್ತು. 1912ರ ಕಾಯ್ದೆಯ ಹೆಸರು "ಇಂಡಿಯನ್ ಲೂನಸಿ ಆಕ್ಟ್". 1987ರಲ್ಲಿ ಬಂದ ಕಾಯ್ದೆ "ಮಾನಸಿಕ ಆರೋಗ್ಯ" ಅಂತು. 2017ರ ಕಾಯ್ದೆ ಇನ್ನೂ ಮುಂದೆ ಹೋಗಿ, ಚಿಕಿತ್ಸೆ ಪಡೆಯೋದು ಹಕ್ಕು ಅಂತು. ಕಡತ ಬದಲಾಯ್ತು, ನಮ್ಮ ಬಾಯಿ ಮಾತ್ರ 1912ರಲ್ಲೇ ಇದೆ.

7/7
ಕಾಮೆಂಟ್‌ನಲ್ಲಿ ಏನು ಬರುತ್ತೆ ಅಂತ ಗೊತ್ತು. "ಸುಮ್ನೆ ತಮಾಷೆಗೆ ಗುರು. ಹಾಗಾದ್ರೆ ಟಾಮ್‌ಫೂಲರಿ ಅಂತಲೂ ಅನ್ನಬಾರದಾ?"

ಅನ್ನಿ. ಧಾರಾಳವಾಗಿ ಅನ್ನಿ. ಪದದ ಅರ್ಥ ಬದಲಾಗುತ್ತೆ, ಅದು ಪದದ ಸ್ವಭಾವ. ಬೆಪ್ಪ ಥಾಮಸ್ ಸತ್ತು ಆರುನೂರು ವರ್ಷಕ್ಕೂ ಮೇಲಾಯ್ತು. ನಿಮ್ಮ ರೀಲ್ ನೋಡಿ ಅವನಿಗೆ ನೋವಾಗಲ್ಲ, ಅವನ ಹೆಸರು ಕೇಳಿ ಯಾರೂ ಆಸ್ಪತ್ರೆಗೆ ಹೋಗೋದು ಬಿಡಲ್ಲ. ನನ್ನ ಅಳತೆಗೋಲು ಇಷ್ಟೇ: ಈ ಮಾತು ಕೇಳಿ ಇವತ್ತು ಬದುಕಿರೋ ಯಾರಾದ್ರೂ ಸಹಾಯ ಕೇಳೋಕೆ ಹೆದರ್ತಾರಾ?

ನಿಮ್ಹಾನ್ಸ್ ಜೋಕ್ ಆ ಅಳತೆಯಲ್ಲಿ ಫೇಲ್. ಯಾಕಂದ್ರೆ ನೀವು ಆ ಜೋಕ್ ಹೊಡೆದಾಗ ಬೆಂಚಿನಲ್ಲಿ ನಕ್ಕ ಹತ್ತು ಜನರಲ್ಲಿ ಒಬ್ಬರ ಅಕ್ಕನ ಚೀಟಿ ಅಲ್ಲಿಯದೇ ಇರಬಹುದು. ಇನ್ನೊಬ್ಬರು ಅಲ್ಲಿಗೆ ಹೋಗಬೇಕಾ ಬೇಡವಾ ಅಂತ ತಿಂಗಳಿಂದ ಯೋಚಿಸ್ತಿರಬಹುದು. ಅವರೂ ನಗ್ತಾರೆ. ನಗದಿದ್ರೆ ಅನುಮಾನ ಬರುತ್ತಲ್ಲ, ಅದಕ್ಕೆ. ನಕ್ಕು ಮನೆಗೆ ಹೋಗಿ, ಆ ಯೋಚನೆಯನ್ನೇ ಕೈಬಿಡ್ತಾರೆ.

ಹೊಗಾರ್ತ್ ಚಿತ್ರದ ಆ ಇಬ್ಬರು ಹೆಂಗಸರು ಕಾಸು ಕೊಟ್ಟು ಆಸ್ಪತ್ರೆಗೇ ಹೋಗಿ ನಗಬೇಕಿತ್ತು. ನಮಗೆ ಆ ಖರ್ಚೂ ಇಲ್ಲ, ಕೂತಲ್ಲೇ ನಗ್ತೀವಿ.

ಬೆಡ್ಲಮ್ ಪದವನ್ನ ವಾಪಸ್ ಆಸ್ಪತ್ರೆ ಮಾಡೋಕೆ ಇನ್ನು ಯಾರಿಂದಲೂ ಆಗಲ್ಲ. ನಿಮ್ಹಾನ್ಸ್, ಧಾರವಾಡ ಆ ಪಟ್ಟಿಗೆ ಸೇರದ ಹಾಗೆ ನೋಡ್ಕೊಳ್ಳೋಕೆ ಇನ್ನೂ ಟೈಮ್ ಇದೆ. ಮುಂದಿನ ಸಲ ಗ್ರೂಪ್‌ನಲ್ಲಿ ಯಾರಾದ್ರೂ ಹಾಗಂದ್ರೆ ಭಾಷಣ ಬೇಡ, ಜಗಳ ಬೇಡ. ನಗಬೇಡಿ, ಸಾಕು. ನಗು ಸಿಗದ ಜೋಕ್ ಎರಡನೇ ದಿನ ಬದುಕಲ್ಲ.

ಮನಸ್ಸು ಭಾರ ಆಗಿದ್ರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸೇವ್ ಮಾಡ್ಕೊಳ್ಳಿ, ನಿಮಗೆ ಬೇಡದಿದ್ರೆ ಪಕ್ಕದ ಬೆಂಚಿನವರಿಗೆ ಬೇಕಾಗಬಹುದು.

#ಟಾಮ್‌ಫೂಲರಿ #ಪದದಹಿಂದಿನಕಥೆ #ನಗಬೇಡಿಸಾಕು