ಅಪ್ಪ ನನಗೆ ಸ್ಕೂಟರ್ ಮಾರಿದ್ದು

ಹೋದ ತಿಂಗಳು ನಮ್ಮಪ್ಪ ತಮ್ಮ ಸ್ಕೂಟರ್ ಮಾರಿದರು. ಕೊಂಡವನು ನಾನೇ. ನಾನು ದುಡ್ಡು ಕೊಟ್ಟಿಲ್ಲ, ಅವರು ಕೇಳಿಯೂ ಇಲ್ಲ. ಆದರೆ ಸಾರಿಗೆ ಇಲಾಖೆಯ ಫಾರಂ 29ರಲ್ಲಿ, ಇಂಥ ದಿನ ನನ್ನ ವಾಹನವನ್ನು ಇಂಥವರಿಗೆ ಮಾರಿ ವಶಕ್ಕೆ ಕೊಟ್ಟಿದ್ದೇನೆ ಎಂಬ ಒಕ್ಕಣೆ ಇದೆ. ಅದರ ಕೆಳಗೆ ಎಪ್ಪತ್ತೆಂಟರ ಅಪ್ಪ ಸಹಿ ಹಾಕಬೇಕಿತ್ತು. ಮೇಷ್ಟ್ರಾಗಿ ನಿವೃತ್ತರಾದವರು, ಓದದೆ ಸಹಿ ಮಾಡಿ ಗೊತ್ತಿಲ್ಲ. ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ‘ಮಾರಿದೀನಿ ಅಂತ ಇದೆಯಲ್ಲೋ. ಎಷ್ಟಕ್ಕೆ ಮಾರಿದೆ ನಾನು?’ ಎಂದರು.

ಫಾರಂ 30 ಇನ್ನೂ ಮಜವಾಗಿದೆ. ಅಲ್ಲಿ ಕೊಳ್ಳುವವನ ಹೆಸರಿನ ಜೊತೆ ಅವನ ತಂದೆಯ ಹೆಸರನ್ನೂ ಬರೆಯಬೇಕು. ಹೀಗಾಗಿ ಒಂದೇ ಹಾಳೆಯಲ್ಲಿ ಅಪ್ಪ ಮಾರಾಟಗಾರರೂ ಆದರು, ಖರೀದಿದಾರನ ತಂದೆಯೂ ಆದರು. ಅಪ್ಪ ಮಗನಿಗೆ ಗಾಡಿ ಕೊಡುವುದಕ್ಕೂ, ಯಾರೋ ದಾರಿಹೋಕ ಜಾಹೀರಾತು ನೋಡಿ ಬಂದು ಗಾಡಿ ಕೊಳ್ಳುವುದಕ್ಕೂ ನಮ್ಮ ಕಾನೂನಿನಲ್ಲಿ ಒಂದೇ ಫಾರಂ, ಒಂದೇ ಕ್ರಿಯಾಪದ.

ಹನ್ನೊಂದು ವರ್ಷದಿಂದ ಆ ಸ್ಕೂಟರ್ ಓಡಿಸುತ್ತಿರುವವನು ನಾನು. ಮೊದಲ ಒಂದೆರಡು ವರ್ಷ ಅಪ್ಪನೂ ಅದರಲ್ಲಿ ಹಾಲಿನ ಬೂತಿಗೆ, ಲೈಬ್ರರಿಗೆ ಹೋಗಿಬರುತ್ತಿದ್ದರು. ಮಂಡಿ ನೋವು ಶುರುವಾದ ಮೇಲೆ ಕೀ ನನ್ನ ಜೇಬಿಗೆ ಬಂತು. ಹೆಸರು ಮಾತ್ರ ಅಲ್ಲೇ ಉಳಿಯಿತು. ಇದರಿಂದ ಅಪ್ಪನಿಗೆ ಆಗಿದ್ದ ಉಪಕಾರ ಏನೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ನಾನು ಸಿಗ್ನಲ್ ಹಾರಿದರೆ ಕ್ಯಾಮೆರಾ ಹಿಡಿದ ಫೋಟೋ ಸಮೇತ ನೋಟಿಸು ಹೋಗುತ್ತಿದ್ದುದು ಅವರ ಮೊಬೈಲಿಗೆ. ಸೊಸೆ ಹಿಂದೆ ಹೆಲ್ಮೆಟ್ ಇಲ್ಲದೆ ಕೂತಿದ್ದ ಚಿತ್ರವೂ ಅವರಿಗೇ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಬಿಟ್ಟಾಗ ಅಪ್ಪ ಸದ್ದಿಲ್ಲದೆ ಪಿಂಚಣಿಯಲ್ಲಿ ಎಲ್ಲವನ್ನೂ ಕಟ್ಟಿ ಬಂದಿದ್ದರು. ರಸೀತಿಗಳು ಪಂಚಾಂಗದೊಳಗೆ ಸಿಕ್ಕವು.

ನಾವು ಯಾಕೆ ಹೆಸರು ಬದಲಾಯಿಸುವುದಿಲ್ಲ? ‘ಮನೆಯದೇ ತಾನೆ’ ಎಂಬ ಮಾತು ಮೊದಲನೆಯದು. ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವಯಸ್ಸಾದ ಅಪ್ಪನ ಮುಂದೆ ಹೋಗಿ ‘ಗಾಡಿ ನನ್ನ ಹೆಸರಿಗೆ ಮಾಡಿಕೊಡಿ’ ಎಂದರೆ ಅದು ವಿಲ್ ಬರೆಸಿಕೊಳ್ಳಲು ಬಂದ ಹಾಗೆ ಕೇಳುತ್ತದೆ. ಅಣ್ಣತಮ್ಮಂದಿರಿದ್ದರಂತೂ ಮುಗಿಯಿತು, ಸ್ಕೂಟರಿನ ಹಿಂದೆ ಸೈಟಿನ ಮಾತು ಹೊರಡುತ್ತದೆ. ಇನ್ನು ಜಾತಕ. ನಮ್ಮ ಮನೆಯ ಕಾರು ಅಮ್ಮನ ಹೆಸರಿನಲ್ಲಿದೆ, ಏಕೆಂದರೆ ಜೋಯಿಸರು ವಾಹನಯೋಗ ಕಂಡದ್ದು ಅಮ್ಮನ ಕುಂಡಲಿಯಲ್ಲಿ. ಅಮ್ಮ ಈವರೆಗೆ ಸೈಕಲ್ಲನ್ನೂ ಹತ್ತಿದವರಲ್ಲ. ನಗಬೇಡಿ, ನಿಮ್ಮ ಬೀದಿಯಲ್ಲಿ ನಾಲ್ಕು ಮನೆ ವಿಚಾರಿಸಿದರೆ ಒಂದರಲ್ಲಿ ಇದೇ ಕಥೆ ಸಿಗುತ್ತದೆ.

ಲೆಕ್ಕಾಚಾರದ ಕಾರಣವೂ ಒಂದಿದೆ. ಬಿಪಿಎಲ್ ಕಾರ್ಡಿಗೆ ಸ್ವಂತ ಬಳಕೆಯ ನಾಲ್ಕು ಚಕ್ರದ ವಾಹನ ಇರಬಾರದು. ಜೀವನೋಪಾಯಕ್ಕೆ ಓಡಿಸುವ ಟ್ಯಾಕ್ಸಿಗೆ ವಿನಾಯಿತಿ ಇದೆ, ವೈಟ್ ಬೋರ್ಡಿಗೆ ಇಲ್ಲ. ಹಾಗಾಗಿ ಅಣ್ಣನ ಹಳೆ ಕಾರು ತಮ್ಮನ ಅಂಗಳದಲ್ಲಿ ನಿಂತಿದ್ದರೂ ಹೆಸರು ಮಾತ್ರ ಅಣ್ಣನದ್ದೇ ಇರುತ್ತದೆ. ಅಕ್ಕಿ ನಿಲ್ಲುತ್ತದೆಂಬ ಅವರ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಹಾಗೆ ಮಾಡುವ ಅಣ್ಣ ತನ್ನ ತಲೆಯ ಮೇಲೆ ಏನು ಹೊತ್ತುಕೊಂಡಿದ್ದಾನೆಂದು ತಿಳಿದೇ ಹೊತ್ತುಕೊಳ್ಳಲಿ.

2018ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠದ ಮುಂದೆ ಒಂದು ಪ್ರಕರಣ ಬಂತು. ಕಾರೊಂದು ಕಾಗದದಲ್ಲಿ ಒಬ್ಬನದು, ನಿಜದಲ್ಲಿ ಕೈಯಿಂದ ಕೈಗೆ ಹಲವರಿಗೆ ಮಾರಾಟವಾಗಿತ್ತು. ಅಪಘಾತ ಆದಾಗ ವಿಮೆಯೂ ಇರಲಿಲ್ಲ. ಪರಿಹಾರ ಯಾರು ಕೊಡಬೇಕು? ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಎಂದಿತು ನ್ಯಾಯಾಲಯ. ಅಪಘಾತದಲ್ಲಿ ಗಂಡನನ್ನೋ ಮಗನನ್ನೋ ಕಳೆದುಕೊಂಡವರು ‘ನಿಜವಾದ ಮಾಲೀಕ ಯಾರು’ ಎಂದು ಒಬ್ಬರಿಂದ ಒಬ್ಬರ ಮನೆ ಬಾಗಿಲಿಗೆ ಅಲೆಯುವಂತಾಗಬಾರದು ಎಂಬುದು ಅದರ ತರ್ಕ. ನ್ಯಾಯವಾದ ತರ್ಕವೇ. ಅದು ಅಪರಿಚಿತರಿಗೆ ಹೇಗೋ ಅಪ್ಪಮಕ್ಕಳಿಗೂ ಹಾಗೆ. ಹದಿನೆಂಟು ತುಂಬದ ಮೊಮ್ಮಗ ತಾತನ ಗಾಡಿ ಓಡಿಸಿ ಯಾರಿಗಾದರೂ ಗುದ್ದಿದರೆ, 2019ರ ತಿದ್ದುಪಡಿಯ ಪ್ರಕಾರ ಪೋಷಕರ ಜೊತೆ ಮಾಲೀಕನೂ ಆರೋಪಿ. 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು.

ಇದು ಹೆಸರಿದ್ದವರ ಪಾಡು. ಓಡಿಸುವವನ ಪಾಡು ಇದಕ್ಕಿಂತ ಕಷ್ಟ, ಮತ್ತು ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ವಿಮೆ ಕಟ್ಟುವಾಗ ‘ಮಾಲೀಕ-ಚಾಲಕ’ನಿಗೆ 15 ಲಕ್ಷದ ಅಪಘಾತ ವಿಮೆ ಎಂದು ಒಂದು ಸಾಲು ಇರುತ್ತದಲ್ಲ, ಅದು ಆರ್‌ಸಿಯಲ್ಲಿ ಹೆಸರಿದ್ದು, ಲೈಸೆನ್ಸ್ ಇಟ್ಟುಕೊಂಡು, ತಾನೇ ಓಡಿಸುವವರಿಗೆ ಮಾತ್ರ. ಹನ್ನೊಂದು ವರ್ಷದಲ್ಲಿ ನಾನು ಬಿದ್ದು ಸತ್ತಿದ್ದರೆ, ಪಾಲಿಸಿಯ ಒಕ್ಕಣೆಯಂತೆ, ಆ ಹಣದಲ್ಲಿ ನನ್ನ ಹೆಂಡತಿಗೆ ಒಂದು ರೂಪಾಯಿಯೂ ಬರುತ್ತಿರಲಿಲ್ಲ. ಅಮ್ಮನ ಕಾರಿನ ಲೆಕ್ಕ ಇನ್ನೂ ಚೆಂದ. ಅಮ್ಮನಿಗೆ ಲೈಸೆನ್ಸ್ ಇಲ್ಲ, ನನ್ನ ಹೆಸರು ಆರ್‌ಸಿಯಲ್ಲಿ ಇಲ್ಲ. ಅಂದಮೇಲೆ ಆ ಸಾಲು ಯಾರಿಗೂ ಅನ್ವಯಿಸುವುದಿಲ್ಲ.

ನಮ್ಮ ಕಡೆಯದೇ ಒಂದು ಪ್ರಕರಣ ಹೇಳುತ್ತೇನೆ. 1999ರಲ್ಲಿ ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಒಬ್ಬರು ಬೇರೆಯವರ ಬೈಕ್ ಕೇಳಿ ಪಡೆದು ತಮ್ಮ ಊರಿಗೆ ಹೊರಟಿದ್ದರು. ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ಗಕ್ಕನೆ ನಿಂತಿತು. ಬೈಕ್ ಹೋಗಿ ಗುದ್ದಿತು, ಸವಾರ ಉಳಿಯಲಿಲ್ಲ. ಮನೆಯವರು ತಪ್ಪು ಯಾರದೆಂದು ಸಾಬೀತು ಮಾಡಬೇಕಿಲ್ಲದ 163ಎ ಕಲಮಿನಡಿ ಬೈಕಿನ ವಿಮಾ ಕಂಪನಿಯಿಂದ ಪರಿಹಾರ ಕೇಳಿದರು. 2009ರಲ್ಲಿ ಸುಪ್ರೀಂ ಕೋರ್ಟ್, ಗಾಡಿ ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಮಾಲೀಕ ತನ್ನ ವಿಮೆಯಿಂದ ಮೂರನೆಯವನಂತೆ ಈ ಪರಿಹಾರ ಕೇಳಲಾಗದು, ಆದ್ದರಿಂದ ಇವನ ವಾರಸುದಾರರಿಗೂ ಆ ಕಲಮಿನಡಿ ಇಲ್ಲ ಎಂದಿತು. ಅಪ್ಪನ ಗಾಡಿ ಓಡಿಸುವ ಮಗ ಈ ತಕ್ಕಡಿಯಲ್ಲಿ ಎಲ್ಲಿ ಕೂರುತ್ತಾನೆ ನೋಡಿ. ಪರಿಹಾರ ಕೇಳುವಾಗ ಅವನು ಮಾಲೀಕನಿದ್ದಂತೆ. 15 ಲಕ್ಷ ಕೇಳುವಾಗ ಅವನು ಮಾಲೀಕನಲ್ಲ.

ಇಷ್ಟೆಲ್ಲ ಒಬ್ಬ ವಕೀಲ ಸ್ನೇಹಿತನ ಬಾಯಿಂದ ಕೇಳಿದ ಮೇಲೆ ನಾನು ಎದ್ದೆ. ನೇರವಾಗಿ ಆರ್‌ಟಿಒಗೆ ಹೋಗದೆ, ನಮ್ಮೆಲ್ಲರ ಅಭ್ಯಾಸದಂತೆ ಮೊದಲು ಏಜೆಂಟರ ಹತ್ತಿರ ಹೋದೆ. ಅವರು ಕೇಳಿದ್ದು ಎರಡೂವರೆ ಸಾವಿರ. ಕೇಂದ್ರದ ನಿಯಮದಲ್ಲಿ ದ್ವಿಚಕ್ರದ ಹೆಸರು ಬದಲಾವಣೆಗೆ ಶುಲ್ಕ 150 ರೂಪಾಯಿ, ಕಾರಿಗೆ 300, ಸ್ಮಾರ್ಟ್ ಕಾರ್ಡಿಗೆ 200. ಉಳಿದದ್ದಕ್ಕೆ ಲೆಕ್ಕ ಕೇಳಿದರೆ ‘ಸಾರ್, ನೀವು ಓಡಾಡೋದು ತಪ್ಪುತ್ತಲ್ಲ’ ಎಂದರು. ಓಡಾಡಿಯೇ ನೋಡೋಣ ಎಂದುಕೊಂಡು ಬಂದೆ.

ಹಳೆಯ ನಂಬರ್ ಪ್ಲೇಟ್ ಇದ್ದರೆ ಹೆಸರು ಬದಲಾಗುವುದಿಲ್ಲ. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಗಳಿಗೂ ಅತಿ ಸುರಕ್ಷಿತ ಪ್ಲೇಟಾದ ಎಚ್‌ಎಸ್‌ಆರ್‌ಪಿ ಆಗಿರಬೇಕು. ಅದೊಂದನ್ನು ಗಡುವು ಮೇಲೆ ಗಡುವು ಮುಂದಕ್ಕೆ ಹೋದ ಕಾಲದಲ್ಲೇ ಮುಗಿಸಿದ್ದೆ. ವಿಮೆ ಚಾಲ್ತಿಯಲ್ಲಿತ್ತು, ಹೊಗೆ ತಪಾಸಣೆ ಮಾಡಿಸಿದೆ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿರುವ ಗಾಡಿಗಳು ಬೇಕಾದಷ್ಟಿವೆ. ಅಂಥವರು ಮೊದಲು ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ತಂದು ‘ಎಚ್‌ಪಿ ಕ್ಯಾನ್ಸಲ್’ ಮಾಡಿಸಬೇಕು. ನಮ್ಮದಕ್ಕೆ ಆ ಗ್ರಹಚಾರ ಇರಲಿಲ್ಲ.

ಉಳಿದದ್ದು ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಮಣ್ಣು, ಗ್ರೀಸು ಒರೆಸಿದೆ. ತೆಳು ಕಾಗದ ಒತ್ತಿ ಹಿಡಿದು ಪೆನ್ಸಿಲ್ ಉಜ್ಜಿದರೆ ನನ್ನ ಕೈಯಲ್ಲಿ ಬರೀ ಕಪ್ಪು ಮಸಿ. ಮೂರು ಕಾಗದ ಹಾಳಾಯಿತು. ಜಗಲಿಯಿಂದ ನೋಡುತ್ತಿದ್ದ ಅಪ್ಪ ಕೋಲು ಊರಿಕೊಂಡು ಇಳಿದು ಬಂದರು. ‘ಪೆನ್ಸಿಲನ್ನ ಮಲಗಿಸಿ ಉಜ್ಜಬೇಕು ಕಣೋ, ಬರೆಯೋ ಹಾಗಲ್ಲ’ ಎಂದು ಕಸಿದುಕೊಂಡರು. ಒಂದನೇ ಕ್ಲಾಸಿನ ಮಕ್ಕಳು ನಾಲ್ಕಾಣೆಯ ಮೇಲೆ ಹಾಳೆ ಇಟ್ಟು ಉಜ್ಜುವಂತೆ ಹಗುರಾಗಿ ಉಜ್ಜಿದರು. ಒಂದೊಂದೇ ಅಕ್ಷರ, ಒಂದೊಂದೇ ಅಂಕಿ ಬಿಳಿಯಾಗಿ ಎದ್ದು ಬಂತು. ಹದಿನೇಳೂ ಸರಿಯಿವೆಯೇ ಎಂದು ಎಣಿಸಿ ಕೊಟ್ಟರು. ಗಾಡಿ ಕೊಡುವ ಶಾಸ್ತ್ರ ಅಂತ ಏನಾದರೂ ನಡೆದಿದ್ದರೆ ಅದು ಅಲ್ಲಿ. ಫಾರಂ 29ರಲ್ಲಿ ನಡೆದದ್ದು ಬರೀ ವ್ಯಾಪಾರ.

ಈಗ ನಮ್ಮ ಬೀದಿಯ ಕೊನೆಯ ಮನೆಯ ಮಾತು. ಬ್ಯಾಂಕಿನಲ್ಲಿದ್ದ ಆ ಹಿರಿಯರು ತೀರಿಕೊಂಡು ಎರಡು ವರ್ಷವಾಯಿತು. ಶೆಡ್ಡಿನಲ್ಲಿ ಅವರ ಕಾರಿದೆ. ಇಲಿ ವೈರ್ ಕಡಿದಿದೆ, ಟೈರು ನೆಲಕ್ಕೆ ಅಂಟಿದೆ. ಮಕ್ಕಳು ಮೂವರು, ಜಗಳವೇನೂ ಇಲ್ಲ. ‘ಅಮ್ಮನ ಓಡಾಟಕ್ಕೆ ಬೇಕು, ಚಿಕ್ಕವನು ಇಟ್ಟುಕೊಳ್ಳಲಿ’ ಎಂದು ಎಲ್ಲರೂ ಒಪ್ಪಿದ್ದಾರೆ. ಆದರೆ ಒಪ್ಪಿಗೆ ಕಾಗದದ ಮೇಲೆ ಬೇಕು. ಮಾಲೀಕ ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳು ಆ ಗಾಡಿ ಓಡಿಸಬಹುದು, ಅಷ್ಟರೊಳಗೆ ಫಾರಂ 31ರಲ್ಲಿ ಅರ್ಜಿ ಹಾಕಬೇಕು. ವಿಮೆಯ ಪಾಲಿಸಿಗೂ ಅದೇ ಮೂರು ತಿಂಗಳ ಆಯುಸ್ಸು, ಅದಕ್ಕೂ ಮುಂಚೆ ಅವಧಿ ಮುಗಿದರೆ ಅಲ್ಲಿಗೇ ಮುಗಿಯಿತು. ತಿಥಿ, ಮಾಸಿಕಗಳ ನಡುವೆ ಯಾರಿಗೆ ನೆನಪಿರುತ್ತದೆ? ಇವರಿಗೆ ನೆನಪಾಗುವಾಗ ಆರು ತಿಂಗಳು ಕಳೆದಿತ್ತು. ನಾಡಕಚೇರಿಯಿಂದ ವಂಶವೃಕ್ಷ ತಂದರು. ತಾಯಿ ಮತ್ತು ಹಿರಿಯ ಮಗ ಅಫಿಡವಿಟ್ ಕೊಟ್ಟರು. ಅಮೆರಿಕದಲ್ಲಿರುವ ಮಗಳು ಅಲ್ಲಿಂದಲೇ ದೃಢೀಕರಿಸಿ ಕಳಿಸಬೇಕಾದ ಕಾಗದ ಇನ್ನೂ ಬಂದಿಲ್ಲ. ಕಳೆದ ವಾರ ಗುಜರಿಯವನು ಬಂದು ಶೆಡ್ಡಿನೊಳಗೆ ಇಣುಕಿ ಹೋದ.

ಅವರು ಬದುಕಿದ್ದಾಗ ಒಂದು ಮಧ್ಯಾಹ್ನ ಕೂತಿದ್ದರೆ ಎರಡು ಸಹಿಯ ಕೆಲಸ. ಅದೂ ಬೇಡವೆಂದರೆ ನಾಮಿನಿ ಇದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂದು, ಬ್ಯಾಂಕ್ ಖಾತೆಗೆ ಇರುವಂತೆ ವಾಹನಕ್ಕೂ ನಾಮಿನಿ ಹೆಸರಿಸಲು ಅವಕಾಶ ಕೊಟ್ಟರು. ನನ್ನ ಪರಿಚಯದ ಹತ್ತು ಮಂದಿಯನ್ನು ಕೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ. ಷೋರೂಮಿನವರು ಹೂವಿನ ಹಾರ ಹಾಕಿ, ನಿಂಬೆಹಣ್ಣು ಇಟ್ಟು, ಫೋಟೋ ತೆಗೆದು ಕೀ ಕೊಡುತ್ತಾರೆ. ನಾಮಿನಿ ಯಾರು ಎಂದು ಕೇಳುವುದು ಆ ಹೊತ್ತಿನಲ್ಲಿ ಅಪಶಕುನ ಎನಿಸುತ್ತದೋ ಏನೋ.

ತಪ್ಪು ನಮ್ಮದು ಮಾತ್ರ ಎಂದು ನಾನು ಒಪ್ಪುವುದಿಲ್ಲ. ವಿಮೆಯ ನೋ ಕ್ಲೇಮ್ ಬೋನಸ್ ತೆಗೆದುಕೊಳ್ಳಿ. ಐದು ವರ್ಷ ಒಂದೂ ಕ್ಲೇಮ್ ಮಾಡದೆ ಓಡಿಸಿದರೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಶೇಕಡಾ 50ರಷ್ಟು ರಿಯಾಯಿತಿ. ಮಾಲೀಕ ತೀರಿಕೊಂಡು ಗಾಡಿ ಹೆಂಡತಿಗೋ ಮಕ್ಕಳಿಗೋ ತಂದೆತಾಯಿಗೋ ಹೋದರೆ ಆ ಬೋನಸ್ಸೂ ಜೊತೆಗೆ ಹೋಗುತ್ತದೆ. ಬದುಕಿದ್ದಾಗಲೇ ಕೈಯಾರೆ ಕೊಟ್ಟರೆ ಹೋಗುವುದಿಲ್ಲ, ಹೊಸ ಮಾಲೀಕ ಸೊನ್ನೆಯಿಂದ ಶುರುಮಾಡಬೇಕು. ಅಪ್ಪ ಬೇಕಿದ್ದರೆ ಮೂರು ವರ್ಷದೊಳಗೆ ಹೊಸ ಗಾಡಿ ಕೊಂಡು ಅದಕ್ಕೆ ಬಳಸಿಕೊಳ್ಳಬಹುದಂತೆ, ಎಂಬತ್ತರ ಹೊಸ್ತಿಲಲ್ಲಿ! ಬದುಕಿರುವವರ ಕೈಯಿಂದ ತೆಗೆದುಕೊಂಡವರಿಗೆ ನಷ್ಟ, ಕಾದು ಕೂತವರಿಗೆ ಲಾಭ. ಇಂಥ ನಿಯಮ ಬರೆದವರ ಮನೆಯಲ್ಲಿ ವಯಸ್ಸಾದವರು ಯಾರೂ ಇರಲಿಲ್ಲವೇ? ವಿಮಾ ನಿಯಂತ್ರಣ ಪ್ರಾಧಿಕಾರ ಒಂದು ಸಾಲು ತಿದ್ದಿದರೆ ಸಾಕು. ಸಾರಿಗೆ ಸಚಿವಾಲಯವೂ ಗಂಡಹೆಂಡತಿ, ತಂದೆತಾಯಿ, ಮಕ್ಕಳ ನಡುವಿನ ವರ್ಗಾವಣೆಗೆ ಬೇರೆ ಫಾರಂ ಮಾಡಲಿ, ಅದರಲ್ಲಿ ‘ಮಾರಿದ್ದೇನೆ’ ಬದಲು ‘ಕೊಟ್ಟಿದ್ದೇನೆ’ ಎಂದಿರಲಿ, ನಾಮಿನಿಯ ಕಲಂ ಕಡ್ಡಾಯವಾಗಲಿ. 2022ರಿಂದ ಹೆಸರು ಬದಲಾವಣೆಯೂ ಸೇರಿ 58 ಸೇವೆಗಳನ್ನು ಆಧಾರ್ ಮೂಲಕ ಮನೆಯಿಂದಲೇ ಕೊಡಲು ದಾರಿ ಮಾಡಿದವರಿಗೆ ಇದೇನು ಮಹಾ ಕೆಲಸವಲ್ಲ.

ಹೆಸರು ಬದಲಾಯಿಸಿಕೊಂಡವರಿಗೆ ಒಂದು ಎಚ್ಚರಿಕೆ. ಆರ್‌ಸಿ ಕೈಗೆ ಬಂತೆಂದು ಸುಮ್ಮನೆ ಕೂರಬೇಡಿ. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಬೇಕು. ಮೂರನೆಯವರಿಗೆ ಆಗುವ ಹಾನಿಯ ವಿಮೆ ತಾನಾಗಿ ಹೊಸ ಮಾಲೀಕನಿಗೆ ದಾಟುತ್ತದೆ, ಗಾಡಿಯ ಸ್ವಂತ ಹಾನಿಯ ಭಾಗ ದಾಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅಪ್ಪನ ಹೆಸರಿನ ಪಾಲಿಸಿ, ಮಗನ ಹೆಸರಿನ ಆರ್‌ಸಿ ಹಿಡಿದುಕೊಂಡು ಹೋದರೆ ಕ್ಲೇಮ್ ತಿರಸ್ಕರಿಸಲು ಕಂಪನಿಗೆ ಬೇರೆ ಕಾರಣವೇ ಬೇಕಿಲ್ಲ.

ನಾನು ಹನ್ನೊಂದನೇ ದಿನ ವಿಮೆ ಬದಲಾಯಿಸಿದೆ, ಬೋನಸ್ ಹೋಯಿತು. ನಾಮಿನಿಯಾಗಿ ಹೆಂಡತಿಯ ಹೆಸರು ಕೊಟ್ಟೆ. ಹೊಸ ಆರ್‌ಸಿ ನೋಡಿ ಅಪ್ಪ ‘ದುಡ್ಡು ಯಾವಾಗ ಕೊಡ್ತೀಯ?’ ಎಂದು ಕೇಳಿದರು. ಇನ್ನು ಉಳಿದಿರುವುದು ಕಾರು. ಅದನ್ನು ಅಮ್ಮ ನನಗೆ ಮಾರಬೇಕು.