ಬಾಡಿಗೆಗೂ ಒಂದು ದರಪಟ್ಟಿ ಕೊಡಿ

ಮಾನ್ಯ ಕೋಲಾರ ಜಿಲ್ಲಾಧಿಕಾರಿಗಳಿಗೆ, ಹಾಗೂ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನಗರಾಡಳಿತದವರಿಗೆ,

ಕೋಲಾರದ ಗಲ್‌ಪೇಟೆಯಲ್ಲೋ ಟಮಕದಲ್ಲೋ ಸೈಟು ಕೊಳ್ಳುವವರಿಗೆ ಸರ್ಕಾರ ಒಂದು ಉಪಕಾರ ಮಾಡಿದೆ. ಯಾವ ಬಡಾವಣೆಯಲ್ಲಿ ಜಾಗದ ಬೆಲೆ ಎಷ್ಟು ಎಂಬ ಮಾರ್ಗಸೂಚಿ ದರವನ್ನು ನೋಂದಣಿ ಮತ್ತು ಮುದ್ರಾಂಕ ಇಲಾಖೆ ಪ್ರಕಟಿಸುತ್ತದೆ. 2023ರ ಅಕ್ಟೋಬರ್ 1ರಿಂದ ಪರಿಷ್ಕೃತ ದರವೂ ಬಂತು. ಇಲಾಖೆಯ ಕಾವೇರಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಅದೇ ಬೀದಿಯಲ್ಲಿ ಎರಡು ರೂಮಿನ ಮನೆಗೆ ಬಾಡಿಗೆ ಎಷ್ಟು ನಡೆಯುತ್ತಿದೆ ಎಂದು ಕೇಳಿ ನೋಡಿ, ಹೇಳುವ ಕಚೇರಿಯಿಲ್ಲ. ನನ್ನ ದೂರು ಇಷ್ಟೇ.

ನಮ್ಮ ಕಡೆ ಕರಾರು ಹನ್ನೊಂದು ತಿಂಗಳದ್ದು. ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ. ಆ ಖರ್ಚು, ಓಡಾಟ ಬೇಡವೆಂದು ಹನ್ನೊಂದಕ್ಕೇ ನಿಲ್ಲಿಸುತ್ತಾರೆ. ಟೈಪಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ‘ಪ್ರತಿ ನವೀಕರಣಕ್ಕೆ ಶೇ 10 ಹೆಚ್ಚಳ’ ಎಂಬ ಸಾಲು ಮೊದಲೇ ಕೂತಿರುತ್ತದೆ. ಹೆಸರು, ಮನೆ ನಂಬರು ಬದಲಾಗುತ್ತವೆ, ಆ ಸಾಲು ಮಾತ್ರ ಅಲ್ಲಾಡುವುದಿಲ್ಲ. 6,000ಕ್ಕೆ ಹಿಡಿದ ಮನೆ ಐದು ನವೀಕರಣ ಆಗುವಷ್ಟರಲ್ಲಿ 9,663 ಆಗುತ್ತದೆ, ಅದೂ ಐದು ವರ್ಷ ತುಂಬುವ ಮೊದಲೇ. ಊರಿನಲ್ಲಿ ಬಾಡಿಗೆ ಅಷ್ಟು ಏರಿದೆಯೋ ಇಲ್ಲವೋ ಓನರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಮೊದಲೇ ನಾಲ್ಕು ಕಡೆ ವಿಚಾರಿಸಬಾರದೇ ಎನ್ನುತ್ತೀರಿ. ವಿಚಾರಿಸುತ್ತೇವೆ ಸ್ವಾಮಿ. ಟು-ಲೆಟ್ ಬೋರ್ಡಿನ ನಂಬರಿಗೆ ಫೋನ್ ಮಾಡಿದರೆ ಸಿಗುವುದು ಓನರು ಕೇಳುವ ರೇಟು, ಕೊನೆಗೆ ಕುದುರಿದ ರೇಟಲ್ಲ. ಪಕ್ಕದ ಮನೆಯವರು ಎಂಟು ವರ್ಷದ ಹಿಂದೆ ಸೇರಿದವರು, ಅವರ ಬಾಡಿಗೆಯೇ ಬೇರೆ ಲೆಕ್ಕ. ಬ್ರೋಕರನಿಗೆ ಬಾಡಿಗೆ ಏರಿದಷ್ಟೂ ಕಮಿಷನ್ ಏರುತ್ತದೆ. ಅವನ ಬಾಯಲ್ಲಿ ಇಳಿದ ದರ ಬರುವುದಾದರೂ ಹೇಗೆ? ಮೊಬೈಲಿನಲ್ಲಿ ಹುಡುಕಿದರೆ ಬೆಂಗಳೂರಿನ ವೈಟ್‌ಫೀಲ್ಡ್, ಕೆ.ಆರ್. ಪುರದ ಮನೆಗಳೇ ಸಾಲುಗಟ್ಟುತ್ತವೆ, ಶ್ರೀನಿವಾಸಪುರದ್ದು ಕಾಣುವುದೇ ಅಪರೂಪ. ಹೋಲಿಸಲು ಎರಡು ಮನೆ ಸಿಕ್ಕರೂ ನೀರಿನ ಪ್ರಶ್ನೆ ಬಿಡುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಮನೆಯ ಬೆಲೆ ಗೋಡೆಯಲ್ಲಿಲ್ಲ, ಸಂಪಿನಲ್ಲಿದೆ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೋರ್‌ವೆಲ್ ಇದೆಯೇ, ಬೇಸಿಗೆಯಲ್ಲಿ ಟ್ಯಾಂಕರಿನ ದುಡ್ಡು ಯಾರದು ಎಂಬುದನ್ನು ಬಿಟ್ಟು ಬರೀ ಬಾಡಿಗೆ ಹೋಲಿಸಿದರೆ ಮೋಸ ಹೋದಂತೆಯೇ. ಕರೆಂಟ್ ಮೀಟರ್ ಬೇರೆ ಇದೆಯೋ ಇಲ್ಲವೋ ಎಂಬುದೂ ಈಗ ದೊಡ್ಡ ವಿಷಯ, ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಅದರ ಮೇಲೆಯೇ ನಿಂತಿದೆ.

ನಾಲ್ಕೂ ಊರಿಗೆ ಒಂದೇ ದರ ಎಂದು ನಾನು ಹೇಳುತ್ತಿಲ್ಲ. ನರಸಾಪುರ, ವೇಮಗಲ್‌ ಕೈಗಾರಿಕಾ ಪ್ರದೇಶಗಳ ಕಾರ್ಖಾನೆಗಳು ಕೋಲಾರದ ಬಾಡಿಗೆಯನ್ನು ಎಳೆಯುತ್ತವೆ. ಟಮಕದಲ್ಲಿ ವೈದ್ಯಕೀಯ ಕಾಲೇಜಿದೆ. ಮಾಲೂರಿಗೆ ಕೈಗಾರಿಕೆಯೂ ಇದೆ, ಬೆಂಗಳೂರಿಗೆ ರೈಲೂ ಇದೆ. ಮುಳಬಾಗಿಲು, ಶ್ರೀನಿವಾಸಪುರಗಳಿಗೆ ಆ ಒತ್ತಡವಿಲ್ಲ. ಆದರೆ ಕೋಲಾರದಲ್ಲಿ ಏರಿದ ಸುದ್ದಿ ಬಸ್ಸು ಹತ್ತಿ ಅಲ್ಲಿಗೂ ಹೋಗುತ್ತದೆ, ಏರಿದ ಕಾರಣ ಹೋಗುವುದಿಲ್ಲ.

ಓನರುಗಳನ್ನು ಬಯ್ಯಲು ಈ ಪತ್ರವಲ್ಲ. ಮೇಲಿನ ಮನೆ ಬಾಡಿಗೆಗೆ ಕೊಟ್ಟು ಅದರಲ್ಲೇ ಔಷಧಿ, ಮನೆ ಸಾಲದ ಕಂತು ನೋಡಿಕೊಳ್ಳುವವರು ಎಷ್ಟೋ ಜನ. ಕಡಿಮೆ ಬಾಡಿಗೆಗೆ ಕೊಟ್ಟು ಸುಮ್ಮನಿರುವ ವಯಸ್ಸಾದವರೂ ಇದ್ದಾರೆ. ದರಪಟ್ಟಿ ಅವರಿಗೂ ಬೇಕು.

ಕಾನೂನು ಇಲ್ಲವೇ ಎಂದರೆ ಇದೆ, 1999ರ ಕರ್ನಾಟಕ ಬಾಡಿಗೆ ಕಾಯ್ದೆ. ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಗೆ ಅದು ದೊಡ್ಡ ಊರುಗಳಲ್ಲೂ ಅನ್ವಯಿಸುವುದಿಲ್ಲ, ಉಳಿದ ಕಡೆ ಮಿತಿ 2,000. ಇವತ್ತು ಆ ದುಡ್ಡಿಗೆ ಯಾವ ಮನೆ ಸಿಗುತ್ತದೋ ನೀವೇ ಹೇಳಿ. ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ, ಏರಿಸುವ ಮುನ್ನ ಮೂರು ತಿಂಗಳ ಲಿಖಿತ ನೋಟಿಸು ಕೊಡಬೇಕು. ಅದು ಮಾದರಿಯಷ್ಟೇ, ರಾಜ್ಯ ತನ್ನದಾಗಿ ಮಾಡಿಕೊಳ್ಳದೆ ಇಲ್ಲಿ ನಡೆಯದು. ಮಾಲೂರಿನಿಂದ ಗಡಿ ದಾಟಿ ಹೊಸೂರಿಗೆ ಹೋದರೆ 2017ರ ತಮಿಳುನಾಡು ಕಾಯ್ದೆ ಸಿಗುತ್ತದೆ. ಅಲ್ಲಿ ಕರಾರು ಬರಹದಲ್ಲಿರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ದಾಖಲಾಗಬೇಕು. ಎಲ್ಲರೂ ಪಾಲಿಸುತ್ತಾರೆಂದಲ್ಲ, ಆದರೆ ದಾಖಲಿಸಲು ಒಂದು ಜಾಗವಾದರೂ ಇದೆ. ಜರ್ಮನಿಯಲ್ಲಿ 50,000 ಮೀರಿದ ಜನಸಂಖ್ಯೆಯ ಊರುಗಳು ಬಾಡಿಗೆ ದರಪಟ್ಟಿ ತಯಾರಿಸಬೇಕೆಂಬ ಕಾನೂನು 2022ರ ಜುಲೈನಲ್ಲಿ ಜಾರಿಗೆ ಬಂತು. ಕೋಲಾರದ ಜನಸಂಖ್ಯೆ 2011ರಲ್ಲೇ 1.38 ಲಕ್ಷ.

ಬಾಡಿಗೆ ಅಳೆಯುವುದು ನಿಮಗೆ ಹೊಸ ವಿದ್ಯೆಯೂ ಅಲ್ಲ. ಸರ್ಕಾರಿ ಕಚೇರಿಯೋ ಹಾಸ್ಟೆಲ್ಲೋ ಖಾಸಗಿ ಕಟ್ಟಡಕ್ಕೆ ಹೋಗುವಾಗ ಬಾಡಿಗೆ ಎಷ್ಟು ಕೊಡಬಹುದೆಂದು ಲೋಕೋಪಯೋಗಿ ಇಲಾಖೆ ಲೆಕ್ಕ ಹಾಕಿ ಕೊಡುತ್ತದೆ. ಸರ್ಕಾರ ತಾನೇ ಬಾಡಿಗೆದಾರನಾದಾಗ ನ್ಯಾಯವಾದ ದರ ತಿಳಿಯುತ್ತದೆ, ನಾವಾದಾಗ ಮರೆತುಹೋಗುತ್ತದೆ. ನಿಮ್ಮದೇ ನೌಕರರನ್ನು ನೋಡಿ: ರಾಜ್ಯದ ಏಳನೇ ವೇತನ ಆಯೋಗದ ನಂತರ 5 ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳಲ್ಲಿ ಮನೆ ಬಾಡಿಗೆ ಭತ್ಯೆ ಮೂಲ ವೇತನದ ಶೇ 7.5. ಕನಿಷ್ಠ ಮೂಲ ವೇತನ 27,000 ಇರುವ ಡಿ ದರ್ಜೆ ನೌಕರನಿಗೆ ಸಿಗುವುದು 2,025 ರೂಪಾಯಿ. ಮಾಲೂರಿಗೂ ಶ್ರೀನಿವಾಸಪುರಕ್ಕೂ ಅದೇ. ಊರಿನ ನಿಜವಾದ ಬಾಡಿಗೆ ಎಷ್ಟೆಂದು ಅಳೆದಿದ್ದರೆ ತಾನೇ ಅದು ಸಾಲುತ್ತದೋ ಇಲ್ಲವೋ ತಿಳಿಯುವುದು?

ಬಾಡಿಗೆಗೆ ಮೂಗುದಾರ ಹಾಕಿ ಎಂದು ಕೇಳುತ್ತಿಲ್ಲ. ಹಾಗೆ ಮಾಡಿದರೆ ಮನೆಗಳಿಗೆ ಬೀಗ ಬೀಳುತ್ತದೆ. ಬಡಾವಣೆವಾರು, ವರ್ಷಕ್ಕೊಮ್ಮೆ, ಒಂದು ರೂಮಿನದು, ಎರಡು ರೂಮಿನದು, ಸಣ್ಣ ಅಂಗಡಿ ಎಂದು ವಿಂಗಡಿಸಿ, ಕುದುರಿದ ಬಾಡಿಗೆ ಎಷ್ಟರಿಂದ ಎಷ್ಟರವರೆಗೆ ಎಂದು ಬರೆಯಿರಿ. ಅಡ್ವಾನ್ಸಿಗೆ ಒಂದು ಕಾಲಂ, ನೀರಿಗೆ ಇನ್ನೊಂದು. ಯಾರ ಹೆಸರೂ ಬೇಡ. ಆಸ್ತಿ ತೆರಿಗೆಗೆ ಮನೆ ಬಾಗಿಲಿಗೆ ಬರುವ ಬಿಲ್ ಕಲೆಕ್ಟರರೇ ಎರಡು ಪ್ರಶ್ನೆ ಹೆಚ್ಚು ಕೇಳಿದರೆ ಸಾಕು. ಪಟ್ಟಿಯನ್ನು ಉಪನೋಂದಣಾಧಿಕಾರಿ ಕಚೇರಿಯ ಬೋರ್ಡಿಗೆ ಹಚ್ಚಿ. ಅಲ್ಲಿಗೆ ಬರುವವರ ಕಣ್ಣಿಗೆ ಬೀಳುತ್ತದೆ.

ಶಾಲೆ ಶುರುವಾಗುವ ಮುಂಚೆ, ಏಪ್ರಿಲ್‌–ಮೇ ತಿಂಗಳಲ್ಲಿ ಮನೆ ಬದಲಾಯಿಸುವವರು ಹೆಚ್ಚು. ಅದಕ್ಕೆ ಮುನ್ನ ಟಮಕದಲ್ಲಿ, ಮಾಲೂರು ರೈಲು ನಿಲ್ದಾಣದ ಸುತ್ತ ಪ್ರಯೋಗ ಮಾಡಿ ನೋಡಿ. ನಾಲ್ಕು ಊರುಗಳ ಪೈಕಿ ಎಲ್ಲಿ ಶುರು ಮಾಡಿದರೂ ಸರಿ, ನನ್ನ ಕರಾರು ಪತ್ರದ ಜೆರಾಕ್ಸ್ ನಾನೇ ತಂದುಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಬಾಡಿಗೆದಾರ, ಕೋಲಾರ