ಹತ್ತು ಮೂಟೆಯ ಸ್ಪ್ರಿಂಗು, ಇಬ್ಬರ ಸವಾರಿ

ಚಾಮರಾಜಪೇಟೆಯಲ್ಲಿ ನಿಮ್ಮ ಮನೆ ಮುಂದೆ ಹಳೇ ಜೀಪೊಂದು ನಿಂತಿದ್ದರೆ ಸಲಹೆಗಳಿಗೆ ಬರವಿಲ್ಲ. ಹಾಲು ತರಲು ಹೊರಟವರು, ಬೆಳಗಿನ ವಾಕಿಂಗ್ ಮುಗಿಸಿ ಬರುವವರು, ಎಲ್ಲರೂ ಒಂದು ನಿಮಿಷ ನಿಂತು ಮಡ್‌ಗಾರ್ಡ್ ತಟ್ಟಿ ನೋಡುತ್ತಾರೆ. "ಹಳೇ ಕಬ್ಬಿಣ ಸಾರ್, ಮಾರಬೇಡಿ" ಎನ್ನುತ್ತಾರೆ. ಹಾಗೆ ಹೇಳಿದವರಲ್ಲಿ ಒಬ್ಬರೂ ಅದರಲ್ಲಿ ಕೂತು ಸಕಲೇಶಪುರದವರೆಗೆ ಬಂದವರಲ್ಲ.

ಕೂತು ಬಂದವರು ನಮ್ಮಮ್ಮ. ಸಕಲೇಶಪುರದ ಆಚೆ ನಮ್ಮದೊಂದು ಸಣ್ಣ ಕಾಫಿ ತೋಟ. ಈ ಮಹೀಂದ್ರ ಎಂಎಂ 540 ಜೀಪನ್ನು ಅಪ್ಪ ತೋಟಕ್ಕೆಂದೇ ಕೊಂಡಿದ್ದು. ಅಪ್ಪ ಹೋದ ಮೇಲೆ ತೋಟವನ್ನು ನೋಡಿಕೊಳ್ಳಲು ಬೇರೆಯವರು ಬಂದರು, ಜೀಪು ಮತ್ತು ಅಮ್ಮ ಬೆಂಗಳೂರಿಗೆ ಬಂದರು. ದೀಪಾವಳಿಗೆ ಮಾತ್ರ ಅಮ್ಮ ಆ ಮನೆಯಲ್ಲಿ ಇರಲೇಬೇಕು. ತೋಟದ ಕೊನೆಯ ಮೂರು ಕಿಲೋಮೀಟರ್ ಕಲ್ಲು, ಕೆಸರು, ಒಂದು ಹಳ್ಳ. ಕಾರು ಹೋಗುವುದಿಲ್ಲ. ಎರಡು ವರ್ಷದ ಹಿಂದೆ ಅಲ್ಲಿಂದ ವಾಪಸು ಬಂದವರೇ ಸೊಂಟ ಹಿಡಿದುಕೊಂಡು, "ಇನ್ನು ಈ ಗಾಡಿ ನಾನು ಹತ್ತೋದಿಲ್ಲ ಕಣೋ" ಎಂದರು. ಎರಡು ದೀಪಾವಳಿ ಹಾಗೇ ಕಳೆದವು. ಅಮ್ಮ ಮತ್ತೆ ಆ ಮಾತೆತ್ತಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚುತ್ತಿತ್ತು.

ಕಳೆದ ದಸರಾ ರಜೆಗೆ ಅಕ್ಕನ ಮಗ ಬಂದ. ಇಂಜಿನಿಯರಿಂಗ್ ಮೂರನೇ ವರ್ಷ. "ಮಾಮ, ಸಸ್ಪೆನ್ಷನ್ ನಾವೇ ಬದಲಾಯಿಸೋಣ. ಮನೆ ಮುಂದೇನೇ. ಮೂರಿಂಚು ಲಿಫ್ಟ್, ಗಟ್ಟಿ ಸ್ಪ್ರಿಂಗ್, ದೊಡ್ಡ ಟೈರ್" ಎಂದ. ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಜೀಪು ಕುರ್ಚಿಯ ಮೇಲೆ ಹತ್ತಿ ನಿಂತ ಹಾಗಿತ್ತು. ಗಟ್ಟಿ ಎಂದರೆ ಒಳ್ಳೆಯದು ಎಂದು ನಾನೂ ನಂಬಿದ್ದವನೇ. ಸರಿ ಎಂದೆ.

ಬಿಡಿಭಾಗಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಕಲಾಸಿಪಾಳ್ಯ ಪಕ್ಕದಲ್ಲೇ ಇದೆ, ಜೆ.ಸಿ. ರಸ್ತೆ ಅದರಾಚೆ. ಜೆ.ಸಿ. ರಸ್ತೆಯಲ್ಲಿ ಒಂದು ನಟ್ಟು ಕೇಳಿದರೂ "ಕಂಪನೀದಾ, ಲೋಕಲ್ಲಾ?" ಎಂಬ ಮರುಪ್ರಶ್ನೆ ಬರುತ್ತದೆ. ಸ್ಪ್ರಿಂಗ್ ಪಟ್ಟಿ ಕೇಳಿದಾಗಲೂ ಬಂತು. ಆದರೆ ಕಲಾಸಿಪಾಳ್ಯದಲ್ಲಿ ಪಟ್ಟಿ ಕಟ್ಟುವ ಹಿರಿಯ ಮೇಸ್ತ್ರಿಯೊಬ್ಬರು ಕೇಳಿದ್ದು ಬೇರೆಯೇ ಪ್ರಶ್ನೆ: "ಗಾಡಿಗೆ ಏನು ತುಂಬ್ತೀರಿ ಸಾರ್?"

ಏನೂ ತುಂಬುವುದಿಲ್ಲ, ನಾನು ಮತ್ತು ಅಮ್ಮ ಕೂರುತ್ತೇವೆ ಎಂದೆ. ಮೇಸ್ತ್ರಿ ಎದ್ದು ಬಂದು, ಜೀಪಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಪಟ್ಟಿಗಳನ್ನು ಎಣಿಸಿದರು. "ಇದಕ್ಕೆ ಯಾರೋ ಒಂದು ಪಟ್ಟಿ ಜಾಸ್ತಿ ಹಾಕ್ಸವ್ರೆ" ಎಂದರು. ಆಗ ನೆನಪಾಯಿತು. ಅಪ್ಪ ಐವತ್ತು ಕಿಲೋದ ಕಾಫಿ ಮೂಟೆಗಳನ್ನು ಒಂದೊಂದು ಸಲಕ್ಕೆ ಹತ್ತರಂತೆ ಹೇರುತ್ತಿದ್ದರು. ಅಂದರೆ ಐನೂರು ಕಿಲೋ. ಆ ಭಾರಕ್ಕೆ ಕಟ್ಟಿಸಿದ ಸ್ಪ್ರಿಂಗಿನ ಮೇಲೆ ನಾವು ಇಬ್ಬರು ಕೂತಿದ್ದೆವು. ಅದಕ್ಕೆ ನಾವು ಲೆಕ್ಕಕ್ಕೇ ಇರಲಿಲ್ಲ.

ಇದರ ಹಿಂದಿನ ಲೆಕ್ಕ ಸರಳ. ಭಾರ ಎರಡರಷ್ಟಾದರೆ ಸ್ಪ್ರಿಂಗು ಬಗ್ಗುವುದೂ ಎರಡರಷ್ಟು ಎಂದು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲೇ ಬರೆದ. ಐನೂರು ಕಿಲೋಗೆ ಹತ್ತು ಸೆಂಟಿಮೀಟರ್ ಬಗ್ಗುವ ಸ್ಪ್ರಿಂಗು ಇದೆಯೆನ್ನಿ. ಐವತ್ತು ಕಿಲೋಗೆ ಅದು ಒಂದೇ ಸೆಂಟಿಮೀಟರ್ ಬಗ್ಗುತ್ತದೆ. ಬಗ್ಗದ ಸ್ಪ್ರಿಂಗು ಸ್ಪ್ರಿಂಗೇ ಅಲ್ಲ, ಕಬ್ಬಿಣದ ತೊಲೆ. ರಸ್ತೆಯ ಕಲ್ಲು ಕೊಟ್ಟ ಪೆಟ್ಟನ್ನು ಅದು ನೇರವಾಗಿ ಸೀಟಿಗೆ, ಸೀಟಿನಿಂದ ಬೆನ್ನುಮೂಳೆಗೆ ದಾಟಿಸುತ್ತದೆ.

ಹಾಗಾದರೆ ಒಂದೇ ದಪ್ಪ ಪಟ್ಟಿ ಹಾಕದೆ ಅಷ್ಟೊಂದು ತೆಳು ಪಟ್ಟಿಗಳನ್ನು ಒಂದರ ಮೇಲೊಂದು ಯಾಕೆ ಜೋಡಿಸುತ್ತಾರೆ? ಪಟ್ಟಿಯ ದಪ್ಪ ಎರಡರಷ್ಟಾದರೆ ಅದರ ಬಿಗುಪು ಎರಡರಷ್ಟಲ್ಲ, ಎಂಟರಷ್ಟಾಗುತ್ತದೆ. ಅದೇ ದಪ್ಪವನ್ನು ಎರಡು ತೆಳು ಪಟ್ಟಿಗಳಾಗಿ ಹಂಚಿದರೆ ಬಿಗುಪು ಎರಡರಷ್ಟೇ. ಅವು ಒಂದರ ಮೇಲೊಂದು ಜಾರುತ್ತಾ ಬಗ್ಗುತ್ತವೆ. ಕೂಡುಕುಟುಂಬದ ಹಾಗೆ, ಒಬ್ಬರಿಗೊಬ್ಬರು ಸ್ವಲ್ಪ ಜಾರಿಕೊಂಡರೆ ಭಾರ ಹಂಚಿಹೋಗುತ್ತದೆ. ನಮ್ಮ ಜೀಪಿನಲ್ಲಿ ಪಟ್ಟಿಗಳ ನಡುವೆ ತುಕ್ಕು ಕಟ್ಟಿ ಆ ಜಾರುವಿಕೆಯೂ ನಿಂತುಹೋಗಿತ್ತು. ಬಿಗಿ ಸಾಲದೆಂಬಂತೆ ಮೇಲೊಂದು ಬಿಗಿ.

ಇದು ಹೊಸ ವಿದ್ಯೆಯೇನಲ್ಲ. ಲಂಡನ್ನಿನ ಒಬಾಡಯ ಎಲಿಯಟ್ ಕುದುರೆ ಗಾಡಿಗೆ ಇಂಥ ಬಾಗಿದ ಸ್ಪ್ರಿಂಗು ಜೋಡಿಸಿ ಹಕ್ಕುಪತ್ರ ಪಡೆದದ್ದು 1804ರಲ್ಲಿ. ನಮ್ಮ ಬೀದಿಗಳಲ್ಲಿ ಓಡಿದ ಜಟಕಾಗಳ ಹೊಟ್ಟೆಯಡಿ ಇದ್ದದ್ದೂ ಅದರ ಮೊಮ್ಮಕ್ಕಳೇ. 2020ರಲ್ಲಿ ಬಂದ ಹೊಸ ಥಾರ್ ಜೀಪಿಗೆ ನಾಲ್ಕೂ ಕಡೆ ಸುರುಳಿ ಸ್ಪ್ರಿಂಗು ಬಂತು. ಅಲ್ಲಿಯವರೆಗೆ ಈ ಕಂಪನಿಯ ಜೀಪುಗಳ ಹಿಂಬದಿಯನ್ನು ಹೊತ್ತದ್ದು ಪಟ್ಟಿಗಳೇ.

ಲಿಫ್ಟಿನ ಆಸೆಯನ್ನು ಹುಡುಗ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಮೇಸ್ತ್ರಿ ಅವನನ್ನು ಜೀಪಿನ ಕೆಳಗೆ ಮಲಗಿಸಿ ಪಾಠ ಮಾಡಿದರು. ಗಾಡಿಯನ್ನು ಮೂರಿಂಚು ಎತ್ತಿದರೆ ಆಕ್ಸಲ್ ಅಷ್ಟು ಕೆಳಗೆ ಹೋಗುತ್ತದೆ. ಬ್ರೇಕಿನ ರಬ್ಬರ್ ಪೈಪು ಎಳೆದುಕೊಳ್ಳುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಓರೆಯಾಗಿ ಅದರ ಕೀಲು ಬೇಗ ಸವೆಯುತ್ತದೆ. ಸ್ಟೀರಿಂಗ್ ರಾಡ್ ಓರೆಯಾಗಿ, ಗುಂಡಿ ಸಿಕ್ಕಿದಾಗಲೆಲ್ಲ ಚಕ್ರ ತಾನಾಗಿ ಒಂದು ಕಡೆ ತಿರುಗುತ್ತದೆ. ಗಾಡಿಯ ಭಾರವೆಲ್ಲ ಮೇಲೆ ಹೋಗಿ, ತಿರುವಿನಲ್ಲಿ ಪಲ್ಟಿ ಹೊಡೆಯುವ ಸಂಭವ ಹೆಚ್ಚುತ್ತದೆ. ಒಂದನ್ನು ಬದಲಾಯಿಸಿದರೆ ಐದನ್ನು ಬದಲಾಯಿಸಬೇಕು.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಹೇಳಿತು. ಸವೆದ ಭಾಗ ತೆಗೆದು ಅದೇ ಅಳತೆಯ ಹೊಸದು ಹಾಕುವುದು ರಿಪೇರಿ. ಗಾಡಿಯ ರೂಪವನ್ನೇ ಬದಲಿಸುವುದು ಬೇರೆ ಮಾತು. ಕೊನೆಗೆ ಕಂಪನಿ ಕೊಟ್ಟ ಎತ್ತರಕ್ಕೇ, ಅಪ್ಪ ಸೇರಿಸಿದ ಪಟ್ಟಿಯನ್ನು ಬಿಟ್ಟು, ನಾಲ್ಕು ಹೊಸ ಸೆಟ್ ಕಟ್ಟಿಸಿದೆವು. ಜೊತೆಗೆ ಹೊಸ ಬುಷ್‌ಗಳು, ಹೊಸ ಯೂ ಬೋಲ್ಟ್‌ಗಳು, ನಾಲ್ಕು ಶಾಕ್ ಅಬ್ಸಾರ್ಬರ್.

ಶಾಕ್ ಅಬ್ಸಾರ್ಬರ್ ಗಾಡಿಯ ಭಾರ ಹೊರುತ್ತದೆಂದು ಬಹಳ ಜನ ತಿಳಿದಿದ್ದಾರೆ. ಇಲ್ಲ, ಹೊರುವುದು ಸ್ಪ್ರಿಂಗು. ಬಗ್ಗಿದ ಸ್ಪ್ರಿಂಗು ಮತ್ತೆ ಮತ್ತೆ ಕುಣಿಯದಂತೆ ತಡೆಯುವುದು ಶಾಕಿನ ಕೆಲಸ. ನಿಮ್ಮ ಗಾಡಿಯ ಒಂದು ಮೂಲೆಯನ್ನು ಬಲವಾಗಿ ಒತ್ತಿ ಬಿಡಿ. ಒಂದು ಸಲ ಎದ್ದು ನಿಂತರೆ ಸರಿ. ಮೂರು ನಾಲ್ಕು ಸಲ ತೂಗಿದರೆ ಶಾಕಿನ ಆಯುಸ್ಸು ಮುಗಿದಿದೆ.

ಕೆಲಸ ಶುರುವಾದದ್ದು ಆಯುಧಪೂಜೆಗೆ ಮೂರು ದಿನ ಮುಂಚೆ. 1892ರಲ್ಲಿ ಈ ಬಡಾವಣೆ ಹುಟ್ಟಿದಾಗ ಇಲ್ಲಿ ಓಡುತ್ತಿದ್ದದ್ದು ಜಟಕಾ, ಎತ್ತಿನ ಗಾಡಿ. ಮನೆ ಮುಂದೆ ಯಾರಾದರೂ ಜೀಪಿನ ಕರುಳು ಬಿಚ್ಚಿ ಹರಡುತ್ತಾರೆಂದು ಆಗ ಯಾರೂ ಎಣಿಸಿರಲಿಕ್ಕಿಲ್ಲ. ಎದುರು ಮನೆಯವರು ತಮ್ಮ ಸ್ಕೂಟರನ್ನು ಬೇರೆ ಕಡೆ ನಿಲ್ಲಿಸಿ ಉಪಕಾರ ಮಾಡಿದರು. ಹಿಂದಿನ ದಿನವೇ ಎಲ್ಲ ನಟ್ಟು ಬೋಲ್ಟಿಗೆ ಎಣ್ಣೆ ಕುಡಿಸಿಟ್ಟಿದ್ದೆವು. ನಾಲ್ಕೂ ಚಕ್ರಗಳ ಬಳಿ ನೆಲದಿಂದ ಮಡ್‌ಗಾರ್ಡಿನ ಎತ್ತರ ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆವು. ಮೊದಲು ಹಿಂಬದಿ, ಆಮೇಲೆ ಮುಂಬದಿ ಎಂದು ತೀರ್ಮಾನವಾಯಿತು. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕಿ ಇಟ್ಟು ಚಾಸಿಯ ಹಿಂಭಾಗವನ್ನು ಎತ್ತಿದೆವು.

ಮೇಸ್ತ್ರಿ ಬರುವಾಗಲೇ ಒಂದು ಮಾತು ಹೇಳಿದ್ದರು: "ಜಾಕಿ ಇರೋದು ಎತ್ತೋದಕ್ಕೆ ಸಾರ್, ಹಿಡ್ಕೊಳ್ಳೋದಕ್ಕಲ್ಲ." ಎತ್ತಿದ ಮೇಲೆ ಚಾಸಿಯ ಕೆಳಗೆ ಎರಡೂ ಕಡೆ ಸ್ಟ್ಯಾಂಡ್ ಇಡಬೇಕು. ಅದು ಸಾಲದೆಂದು ಅವರು ಸ್ಟೆಪ್ನಿ ಚಕ್ರವನ್ನೂ ಮಲಗಿಸಿ ಚಾಸಿಯಡಿ ತಳ್ಳಿದರು. ಹುಡುಗನಿಗೆ ಇದು ಮುದುಕರ ಪುಕ್ಕಲುತನ ಅನ್ನಿಸಿರಬೇಕು. ನಕ್ಕ.

ಎಡಗಡೆ ಮುಗಿಸಿ ಬಲಗಡೆಗೆ ಬಂದೆವು. ಒಂದು ಸ್ಟ್ಯಾಂಡಿನ ಜಾಗ ಬದಲಿಸಬೇಕಾಯಿತು. ಜಾಕಿಯಿಂದ ಒಂದಿಷ್ಟು ಎತ್ತಿ ಸ್ಟ್ಯಾಂಡು ಈಚೆ ತೆಗೆದೆವು. ಜಾಕಿ ನಿಂತಿದ್ದದ್ದು ಯಾವಾಗಲೋ ಪೈಪಿಗಾಗಿ ಅಗೆದು ಮುಚ್ಚಿದ ಜಾಗ. ಮೇಲೆ ಟಾರಿನ ತೇಪೆ, ಕೆಳಗೆ ಸಡಿಲ ಮಣ್ಣು. ತೇಪೆ ಕುಸಿಯಿತು, ಜಾಕಿ ವಾಲಿತು, ಜೀಪು ಗಕ್ಕನೆ ಕೆಳಗಿಳಿದು ಸ್ಟೆಪ್ನಿಯ ಮೇಲೆ ಕೂತಿತು. ಒಂದು ನಿಮಿಷದ ಹಿಂದೆ ಹುಡುಗನ ಕೈ ಭುಜದವರೆಗೆ ಅಲ್ಲಿತ್ತು. ಶಬ್ದಕ್ಕೆ ಅಮ್ಮ ಜಗಲಿಗೆ ಓಡಿ ಬಂದರು. ಯಾರೂ ಮಾತಾಡಲಿಲ್ಲ. ಮೇಸ್ತ್ರಿ ನಿಧಾನವಾಗಿ ಬೀಡಿ ಆರಿಸಿ, ಎರಡು ದಪ್ಪ ಹಲಗೆ ಕೇಳಿದರು. ಅಲ್ಲಿಂದ ಮುಂದೆ ಜಾಕಿ ಹಲಗೆಯ ಮೇಲೇ ನಿಂತಿತು. ಹುಡುಗ ಆಮೇಲೆ ನಗಲಿಲ್ಲ. ಜಾಕಿ ಮುಟ್ಟುವ ಮುನ್ನ ತಾನೇ ಸ್ಟೆಪ್ನಿ ಒಳಗೆ ತಳ್ಳಿ, ಹಲಗೆ ಅಲುಗಾಡಿಸಿ ನೋಡುತ್ತಿದ್ದ.

ಮನೆಯಲ್ಲೇ ಮಾಡುವವರಿಗೆ ಇನ್ನು ಕೆಲವು ಮಾತು. ಚಾಸಿಯನ್ನು ಸ್ಟ್ಯಾಂಡಿಗೆ ಒಪ್ಪಿಸಿದ ಮೇಲೆ ಆಕ್ಸಲ್ಲಿಗೆ ಬೇರೆ ಜಾಕಿ ಆಸರೆ ಇರಬೇಕು, ಬ್ರೇಕ್ ಪೈಪಿನಲ್ಲಿ ಅದು ನೇತಾಡಬಾರದು. ಕೆಳಗೆ ಮಲಗಿ ಸುತ್ತಿಗೆ ಹೊಡೆದರೆ ತುಕ್ಕು ಉದುರುವುದು ನೇರ ಕಣ್ಣಿಗೆ. ಕನ್ನಡಕ ಹಾಕಿಕೊಳ್ಳಿ. ಮಿಂಟೋ ಕಣ್ಣಾಸ್ಪತ್ರೆ ಹತ್ತಿರದಲ್ಲೇ ಇದೆ ಎಂಬ ಧೈರ್ಯ ಬೇಡ. ಹಳೇ ಯೂ ಬೋಲ್ಟ್ ಎಳೆದು ಸೊರಗಿರುತ್ತದೆ, ಮತ್ತೆ ಹಾಕಬೇಡಿ. ಪಟ್ಟಿಗಳನ್ನು ಹಿಡಿದಿರುವ ನಡುಬೋಲ್ಟಿನ ತಲೆ ಆಕ್ಸಲ್ ಪೀಠದ ತೂತಿನಲ್ಲಿ ಸರಿಯಾಗಿ ಕೂರಬೇಕು. ಕೂರದಿದ್ದರೆ ಆಕ್ಸಲ್ ಸೊಟ್ಟಗಾಗಿ ಗಾಡಿ ಏಡಿಯ ಹಾಗೆ ಓರೆಗೆ ಓಡುತ್ತದೆ. ಯೂ ಬೋಲ್ಟ್‌ನ ನಾಲ್ಕು ನಟ್ಟುಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ತೈಲದ ಶಾಕನ್ನು ಹಾಕುವ ಮೊದಲು ನೆಟ್ಟಗೆ ಹಿಡಿದು ನಾಲ್ಕಾರು ಸಲ ಎಳೆದು ಒತ್ತಿ ಒಳಗಿನ ಗಾಳಿ ತೆಗೆಯಬೇಕು.

ಕೊನೆಯದು, ಬಹಳ ಜನ ಮರೆಯುವುದು. ರಬ್ಬರ್ ಬುಷ್ ಇರುವ ಸ್ಪ್ರಿಂಗಿನ ತುದಿ ಬೋಲ್ಟ್‌ಗಳ ಕೊನೆಯ ಬಿಗಿತ ಗಾಡಿ ಚಕ್ರದ ಮೇಲೆ ನಿಂತ ಮೇಲೇ ಆಗಬೇಕು. ಗಾಳಿಯಲ್ಲಿರುವಾಗಲೇ ಬಿಗಿದರೆ, ಇಳಿಸಿದ ಕೂಡಲೇ ರಬ್ಬರು ತಿರುಚಿಕೊಂಡು ಆರು ತಿಂಗಳಲ್ಲಿ ಹರಿದುಹೋಗುತ್ತದೆ.

ಆಯುಧಪೂಜೆಯ ಹಿಂದಿನ ಸಂಜೆ ಕೆಲಸ ಮುಗಿಯಿತು. ಗೋಡೆಯ ಸೀಮೆಸುಣ್ಣದ ಲೆಕ್ಕಕ್ಕೂ ಹೊಸ ಅಳತೆಗೂ ಹೋಲಿಸಿದೆವು. ಮೊದಲು ಒಂದು ಕಡೆ ವಾಲಿದ್ದ ಜೀಪು ಈಗ ಸಮವಾಗಿ ನಿಂತಿತ್ತು. ಮರುದಿನ ಸ್ಪ್ಯಾನರುಗಳಿಗೂ ಜೀಪಿಗೂ ಒಟ್ಟಿಗೆ ಕುಂಕುಮ. ನಾಲ್ಕು ನಿಂಬೆಹಣ್ಣು ಅಪ್ಪಚ್ಚಿಯಾದ ಮೇಲೆ ಅಮ್ಮ ತಾವಾಗಿಯೇ ಬಂದು ಮುಂದಿನ ಸೀಟಿನಲ್ಲಿ ಕೂತು, "ಮಕ್ಕಳ ಕೂಟದ ತನಕ ಹೋಗಿ ಬರೋಣ" ಎಂದರು.

ಹೋದೆವು. ಹಂಪು, ಗುಂಡಿ, ಅಗೆದು ಮುಚ್ಚಿದ ಜಾಗ, ಯಾವುದನ್ನೂ ನಾನು ತಪ್ಪಿಸಲಿಲ್ಲ. ಅಮ್ಮ ಸುಮ್ಮನೆ ಕೂತಿದ್ದರು. ವಾಪಸು ಬರುವಾಗ ಹೇಳಿದರು: "ನಿಮ್ಮಪ್ಪ ಹಿಂದೆ ಮೂಟೆ ತುಂಬ್ಕೊಂಡು ಸಕಲೇಶಪುರಕ್ಕೆ ಹೋಗುವಾಗ ಹೀಗೇ ಇರ್ತಿತ್ತು. ಖಾಲಿ ಬರುವಾಗ ಮಾತ್ರ ಎತ್ತಿ ಹಾಕ್ತಿತ್ತು." ಮೇಸ್ತ್ರಿ ಎಣಿಸಿ ಕಂಡುಹಿಡಿದದ್ದು ಅಮ್ಮನ ಬೆನ್ನಿಗೆ ಎಷ್ಟೋ ವರ್ಷದಿಂದ ಗೊತ್ತಿತ್ತು. ನಾವು ಕೇಳಿರಲಿಲ್ಲ, ಅಷ್ಟೇ.

ದೀಪಾವಳಿಗೆ ತೋಟಕ್ಕೆ ಹೋದೆವು. ಕೊನೆಯ ಮೂರು ಕಿಲೋಮೀಟರಿನಲ್ಲಿ ಹಳ್ಳದ ಬಳಿ ಇಳಿಯುತ್ತೀರಾ ಎಂದು ಕೇಳಿದೆ. ಅಮ್ಮ ಬೇಡವೆಂದು ಕೈಯಾಡಿಸಿದರು. ಹೊಸ ಪಟ್ಟಿಗಳು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಒಂದಕ್ಕೊಂದು ಹೊಂದಿಕೊಂಡು ಕೂರುತ್ತವೆ, ಯೂ ಬೋಲ್ಟ್ ಸಡಿಲವಾಗುತ್ತವೆ. ಅಂಗಳದಲ್ಲೇ ಸ್ಪ್ಯಾನರ್ ಹಿಡಿದೆವು. ಒಂದೊಂದೂ ಅರ್ಧ ಸುತ್ತು ತಿರುಗಿತು.

ಹಳೇ ಪಟ್ಟಿಗಳನ್ನೂ ಜೀಪಿನಲ್ಲೇ ತಂದಿದ್ದೆವು. ಮಲೆನಾಡಿನ ಕುಲುಮೆಗಳಲ್ಲಿ ಕತ್ತಿಗೆ ಗಾಡಿ ಪಟ್ಟಿಯ ಉಕ್ಕೇ ಬೇಕು. ಅದರಷ್ಟು ಚೆನ್ನಾಗಿ ಹದ ಹಿಡಿಯುವುದು ಬೇರೆ ಸಿಗುವುದಿಲ್ಲ. ಅಪ್ಪ ಹಾಕಿಸಿದ್ದ ಆ ಒಂದು ಹೆಚ್ಚಿನ ಪಟ್ಟಿಯಿಂದ ಎರಡು ಕತ್ತಿ ಮಾಡಿಸಿದೆ. ಒಂದು ತೋಟದಲ್ಲಿದೆ. ಇನ್ನೊಂದು ಚಾಮರಾಜಪೇಟೆಯ ಅಡಿಗೆಮನೆಯಲ್ಲಿ ತೆಂಗಿನಕಾಯಿ ಒಡೆಯುತ್ತಿದೆ.

ಹುಡುಗ ಊರಿಗೆ ಹೊರಡುವ ದಿನ ಅಮ್ಮ ಜೀಪಿನ ಕಂಬಿ ಹಿಡಿದು, ಒಂದು ಕಾಲೆತ್ತಿ, ನಿಧಾನವಾಗಿ ಹತ್ತುವುದನ್ನು ನೋಡುತ್ತ ನಿಂತಿದ್ದ. "ಮಾಮ, ಮೂರಿಂಚು ಎತ್ತಿದ್ದಿದ್ರೆ ಅಜ್ಜಿ ಹತ್ತೋಕೇ ಆಗ್ತಿರಲಿಲ್ಲ ಅಲ್ವಾ?" ಎಂದ.